ಗೆಳೆಯನ ಚೀಲದಲ್ಲಿದ್ದ ಪಂಪು

ಮಕ್ಕಳೇ, ನಾನು ಕಾಲೇಜಿನಲ್ಲಿದ್ದಾಗ ಒಮ್ಮೆ ಗೆಳೆಯನೊಡನೆ ಮೈಸೂರಿನಿಂದ ಮೇಲುಕೋಟೆಗೆ ಸೈಕಲ್ಲಿನಲ್ಲಿ ಹೊರಟೆ. ಸುಮಾರು 50 ಕಿಲೋಮೀಟರ್ ದಾರಿ. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟುವಾಗ ಇನ್ನೂ ಎಳೆಬಿಸಿಲು. ಪಾಂಡವಪುರ ಕಳೆದ ಮೇಲೆ ಗೆಳೆಯ ಹಿಂದೆ ಬಿದ್ದ. “ನಿಲ್ಲೋ, ಜೊತೆಗೇ ಹೋಗೋಣ” ಎಂದು ಕೂಗಿದ. ನಾನು ಕೇಳಿಸದವನಂತೆ ಪೆಡಲ್ ತುಳಿದೆ.

ಬೆಟ್ಟದ ಏರು ಶುರುವಾಗುವಲ್ಲೇ ನನ್ನ ಹಿಂದಿನ ಚಕ್ರ ಪಂಕ್ಚರ್! ಪಂಪು, ಸಲ್ಯೂಷನ್ ಎಲ್ಲ ಅವನ ಚೀಲದಲ್ಲಿ. ಹುಣಸೆಮರದಡಿ ಅರ್ಧ ಗಂಟೆ ಕಾದೆ. ಬಂದವನು ಬೈಯಲಿಲ್ಲ. ತನ್ನ ಕುಡಿಯುವ ನೀರನ್ನೇ ಊಟದ ಡಬ್ಬಿಗೆ ಸುರಿದು, ಟ್ಯೂಬು ಅದ್ದಿ, ಗುಳ್ಳೆ ಎದ್ದ ಕಡೆ ತೇಪೆ ಹಾಕಿದ.

“ಆಗ ನೀನು ಕೂಗಿದ್ದು ಕೇಳಿಸಿತ್ತು ಕಣೋ” ಎಂದೆ.

“ಗೊತ್ತು. ಈಗ ಗಾಳಿ ಹೊಡಿ” ಎಂದು ನಕ್ಕ.

ಏರಿನಲ್ಲಿ ಇಬ್ಬರೂ ಸೈಕಲ್ ತಳ್ಳುತ್ತ ಜೊತೆಗೇ ನಡೆದೆವು. ಮೇಲುಕೋಟೆಯ ಪುಳಿಯೋಗರೆಯನ್ನು ಒಂದೇ ಎಲೆಯಲ್ಲಿ ತಿಂದೆವು.