ಮರ ಹತ್ತದ ಬಳ್ಳಿ

ಕ್ಲೆಮ್ಯಾಟಿಸ್ ಎಂದರೆ ಹಬ್ಬುವ ಬಳ್ಳಿ. ಪಶ್ಚಿಮ ಘಟ್ಟಗಳಲ್ಲೂ ಅದರ ಹಲವು ಜಾತಿಗಳಿವೆ. ಆದರೆ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದ ಗ್ರೇಟ್ ಡಿಕ್ಸ್ಟರ್ ತೋಟದ ಹೂಪಾತಿಯಲ್ಲಿರುವ ‘ರೆಕ್ಟಾ’ ಯಾವ ಮರವನ್ನೂ ಹತ್ತದು. ಬೇಸಿಗೆಯಲ್ಲಿ ಆಳೆತ್ತರ ಬೆಳೆದು, ನಕ್ಷತ್ರದಂಥ ಬಿಳಿ ಹೂಗಳ ಭಾರಕ್ಕೆ ಬಾಗುತ್ತದೆ. ಸುತ್ತ ಕಡ್ಡಿ ನೆಟ್ಟು ಆಸರೆ ಕೊಡಬೇಕು. ಚಳಿಗಾಲದಲ್ಲಿ ನೆಲಮಟ್ಟದವರೆಗೆ ಒಣಗಿದರೂ ಬೇರು ಜೀವಂತ. ನೇರಳೆ ಚಿಗುರಿನ ತಳಿಯ ಬೀಜ ಬಿತ್ತಿದರೆ ಎಲ್ಲ ಸಸಿಗೂ ಆ ಬಣ್ಣ ಬರದು. ಬಣ್ಣ ಉಳಿಯಬೇಕಾದರೆ ವಸಂತದ ಆರಂಭದಲ್ಲಿ ಬುಡವನ್ನು ಬೇರುಸಹಿತ ಸೀಳಿ ನೆಡಬೇಕು.

1954ರಲ್ಲಿ ಇಲ್ಲಿ ಕ್ಲೆಮ್ಯಾಟಿಸ್ ನರ್ಸರಿ ತೆರೆದ ಕ್ರಿಸ್ಟೋಫರ್ ಲಾಯ್ಡ್ 2006ರಲ್ಲಿ ತೀರಿಕೊಂಡರು. ಅವರ ತರುವಾಯವೂ ತೋಟ ಉಳಿದಿದೆ. ತೋಟಗಾರಿಕೆ ಕಲಿಯಲು ಬಂದ ಯುವಜನರ ಕೈಗೆ ಈಗಲೂ ಅಲ್ಲಿನ ಮಣ್ಣು ಮೆತ್ತುತ್ತದೆ.