ನಡುಮನೆಯ ಬಾನುಲಿ

ನಾಗಮಂಗಲ ತಾಲ್ಲೂಕಿನ ದೇವಲಾಪುರದ ನಮ್ಮ ನಡುಮನೆಯಲ್ಲಿ ವಾಲ್ವಿನ ಹಳೆಯ ರೇಡಿಯೊ ಒಂದಿದೆ. ತೀರ್ಥರೂಪರಿಗೆ ದೃಷ್ಟಿ ಮಂದವಾಗಿ ಹಾಸಿಗೆ ಹಿಡಿದ ಮೇಲೆ ಅವರಿಗೆ ಉಳಿದ ಸಂಗಾತಿ ಅದೊಂದೇ. ಮೊಬೈಲಿನಲ್ಲಿ ಏನು ಕೇಳಿಸಿದರೂ “ಅದ್ಯಾರ್ದೋ ಫೋನು, ಆರಿಸ್ರಪ್ಪ” ಎಂದುಬಿಡುವರು.

ಲಿಂಗೈಕ್ಯರಾದ ನಮ್ಮ ತಾಯಿಯವರು ಒಂದು ಶಿವರಾತ್ರಿಯ ಜಾಗರಣೆಯಲ್ಲಿ ಹಾಡಿದ ವಚನಗಳ ಕ್ಯಾಸೆಟ್ ನಮ್ಮಲ್ಲಿತ್ತು. ಎರಡು ಮೈಕುಗಳ ನಡುವೆ ಅವರು, ಎಡಕ್ಕೆ ಹಾರ್ಮೋನಿಯಂ, ಬಲಕ್ಕೆ ತಬಲಾ. ಅದನ್ನು ತಂದೆಯವರಿಗೆ ಅವರ ರೇಡಿಯೊದಲ್ಲಿಯೇ ಕೇಳಿಸಬೇಕೆಂದು ಅಣ್ಣತಮ್ಮಂದಿರಾದ ನಾವು ಪುಟ್ಟದೊಂದು ಪ್ರಸಾರಯಂತ್ರವನ್ನು ಕಟ್ಟತೊಡಗಿದೆವು.

ಮನೆಯಿಂದ ಬಾನುಲಿ ಹೊರಡುವುದು ನಮ್ಮ ಸೀಮೆಗೆ ಹೊಸತಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ 30 ವ್ಯಾಟಿನ ಯಂತ್ರವಿಟ್ಟು ಪ್ರಸಾರ ಆರಂಭಿಸಿದರು. ಆ ನಿಲಯದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ದೇಶದ ಬಾನುಲಿಯ ಹೆಸರಾಯಿತು. ನಮ್ಮದು ಒಂದು ವ್ಯಾಟಿನ ಹತ್ತನೆಯ ಒಂದು ಪಾಲು. ಹೋಲಿಕೆಗೆ ಓದುಗರು ನಗಬಾರದು.

ತಂದೆಯವರ ರೇಡಿಯೊಗೆ ಇರುವುದು ಒಂದೇ ಸ್ಪೀಕರು. ಅದಕ್ಕೆ ಸ್ಟೀರಿಯೊ ಏತಕ್ಕೆಂದು ಯಾರಾದರೂ ಕೇಳಿದ್ದರೆ ನಮ್ಮಲ್ಲಿ ಉತ್ತರವಿರಲಿಲ್ಲ. ಕಿರಿಯವನ ಹಟ, ಅಷ್ಟೆ. ಅಮೆರಿಕದಲ್ಲಿ 1993ರಲ್ಲಿ ಅಧಿಕೃತವಾಗಿ ಅಂಗೀಕೃತವಾದ ಮೊಟೊರೋಲಾದ ಸಿ-ಕ್ವಾಮ್ ವಿಧಾನವನ್ನು ಅವನು ಆರಿಸಿಕೊಂಡ. ಅದರಲ್ಲಿ ಎಡಬಲಗಳ ಮೊತ್ತವು ಅಲೆಯ ಏರಿಳಿತದ ಮೇಲೆ ಸಾಗುತ್ತದೆ. ಅವುಗಳ ನಡುವಣ ವ್ಯತ್ಯಾಸವು ಅಲೆಯ ಹೆಜ್ಜೆ ತುಸು ಹಿಂದುಮುಂದಾಗುವುದರ ಮೂಲಕ ಸಾಗುತ್ತದೆ. ಹಳೆಯ ರೇಡಿಯೊಗಳು ಮೊತ್ತವನ್ನು ಮಾತ್ರ ಕೇಳುತ್ತವೆ. 4 ಮೆಗಾಹರ್ಟ್ಸಿನ ಸ್ಫಟಿಕವೊಂದನ್ನು ನಾಲ್ಕರಿಂದ ಭಾಗಿಸಿದರೆ 1000 ಕಿಲೋಹರ್ಟ್ಸಿನ ಎರಡು ಅಲೆಗಳು ಕಾಲುಸುತ್ತಿನ ಅಂತರದಲ್ಲಿ ದೊರೆಯುತ್ತವೆ. ಬೆಸುಗೆಯ ಹೊಗೆಯಲ್ಲಿ ನಾಲ್ಕು ಭಾನುವಾರಗಳು ಕಳೆದವು.

ಐದನೆಯ ಭಾನುವಾರ ತಂದೆಯವರ ರೇಡಿಯೊದಲ್ಲಿ ಹಾರ್ಮೋನಿಯಂ ತುಂಬಿ ಬಂದಿತು. ತಬಲಾ ಖಣಖಣ ನುಡಿಯಿತು. ತಂದೆಯವರು ತಲೆಯೆತ್ತಿ ಆಲಿಸಿ, “ಬಜಾನ್ಸೋರು ಅವ್ರೆ, ಹಾಡೋರು ಎಲ್ಲೋದ್ರು?” ಎಂದರು. ತಾಯಿಯವರ ಧ್ವನಿ ಬಾವಿಯ ತಳದಿಂದೆಂಬಂತೆ ಕ್ಷೀಣವಾಗಿತ್ತು. ಕ್ಯಾಸೆಟ್ ಹಾಳಾಯಿತೆಂದು ನಮ್ಮ ಎದೆ ಧಸಕ್ಕೆಂದಿತು. ನಡುರಾತ್ರಿಯವರೆಗೆ ತಡಕಿದ ಮೇಲೆ ತಿಳಿದದ್ದು ಇಷ್ಟೆ: ಬಲಗಡೆಯ ಟ್ರಾನ್ಸ್‌ಫಾರ್ಮರಿನ ಎರಡು ತಂತಿಗಳನ್ನು ಅದಲುಬದಲು ಬೆಸೆದಿದ್ದೆವು. ಎರಡೂ ಮೈಕುಗಳಿಗೆ ಸಮನಾಗಿ ಬಿದ್ದ ಧ್ವನಿಯನ್ನು ಎಡಬಲಗಳು ಪರಸ್ಪರ ಅಳಿಸಿಹಾಕುತ್ತಿದ್ದವು. ನಡುವೆ ಕುಳಿತವರು ಅವರೊಬ್ಬರೇ. ತಂತಿ ತಿರುಗಿಸಿದಾಗ ತಂದೆಯವರಿಗೆ ನಿದ್ದೆ ಹತ್ತಿತ್ತು.

ಮರುದಿನ ಬಂದ ಬೀಗರೊಬ್ಬರು ಯಂತ್ರವನ್ನು ನೋಡಿ ಗಾಬರಿಯಾದರು. ತಂತಿ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. 1933ರ ಕಾಯ್ದೆಯ ಕಾಲದಿಂದಲೂ ಇಂಥ ಯಂತ್ರವನ್ನು ಇಟ್ಟುಕೊಳ್ಳುವುದಕ್ಕೂ ಪರವಾನಗಿ ಬೇಕು, 2023ರ ಹೊಸ ಕಾಯ್ದೆಯಲ್ಲಿಯೂ ಆ ಮಾತು ಉಳಿದಿದೆ ಎಂದರು. ನಾವು ವಿಚಾರಿಸದೆ ಹೊರಟದ್ದು ತಪ್ಪು. ಅಂದೇ ಸ್ಫಟಿಕವನ್ನು ಕಿತ್ತು ಯಂತ್ರವನ್ನು ಬಿಚ್ಚಿದೆವು. ಕಿರಿಯವನು ಊಟ ಮಾಡಲಿಲ್ಲ.

ಉಪಾಯ ತೋರಿದವರೂ ಆ ಬೀಗರೇ. ರೇಡಿಯೊದ ಬೆನ್ನಲ್ಲಿ ಗ್ರಾಮಫೋನಿಗೆಂದು ಎರಡು ರಂಧ್ರಗಳಿದ್ದವು. ಅಷ್ಟು ದಿನವೂ ಧೂಳು ಒರೆಸುತ್ತಿದ್ದ ನಮ್ಮ ಕಣ್ಣಿಗೆ ಅವು ಬಿದ್ದಿರಲಿಲ್ಲ. ಕೆಲವು ಹಳೆಯ ಸೆಟ್ಟುಗಳ ತಗಡಿನಲ್ಲಿಯೇ ವಿದ್ಯುತ್ತು ಹರಿಯುವುದುಂಟು, ನೇರವಾಗಿ ತಂತಿ ಸಿಕ್ಕಿಸಬಾರದು ಎಂದು ಎಚ್ಚರಿಸಿದರು. ಆದ್ದರಿಂದ ಹಿಂದಿನ ರಾತ್ರಿ ನಮ್ಮನ್ನು ಕಾಡಿದ ಆ ಟ್ರಾನ್ಸ್‌ಫಾರ್ಮರನ್ನೇ ನಡುವೆ ಇಟ್ಟು ಕ್ಯಾಸೆಟ್ ಹಚ್ಚಿದೆವು.

ತಂದೆಯವರು ಬಹಳ ಹೊತ್ತು ಮಾತನಾಡಲಿಲ್ಲ. ಯಾವ ಸ್ಟೇಷನ್ನೆಂದು ಕೇಳಲೂ ಇಲ್ಲ. ಎರಡನೆಯ ವಚನ ಆರಂಭವಾದಾಗ ಗೋಡೆಯ ಕಡೆ ಮುಖ ಮಾಡಿಕೊಂಡೇ, “ವಸಿ ಜೋರಾಗಿಡ್ರಪ್ಪ” ಎಂದರು.