ಬಿಟ್ಟಿ ತಪಾಸಣೆ

ನ್ಯೂಜೆರ್ಸಿಗೆ ಬಂದ ಹೊಸತರಲ್ಲಿ, ಸಂಬಳದಲ್ಲೇ ವಿಮೆಯ ಕಂತು ಮುರಿದುಕೊಳ್ಳುತ್ತಾರಲ್ಲ, ಇನ್ನು ಡಾಕ್ಟರಿಗೆ ಕಾಸು ಬಿಚ್ಚಬೇಕಾಗಿಲ್ಲವೆಂದು ಬೀಗಿದ್ದೆ. 'ಡಿಡಕ್ಟಿಬಲ್' ಎಂಬ ಹೊಸ್ತಿಲು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ತಲೆಗೆ 2,000 ಡಾಲರು ನಮ್ಮ ಜೇಬಿನಿಂದ ಹೋದ ಮೇಲೆಯೇ ವಿಮೆಯವರು ತಮ್ಮ ಗಂಟು ಬಿಚ್ಚುವುದು. ಜನವರಿ ಬಂದರೆ ಲೆಕ್ಕ ಮತ್ತೆ ಸೊನ್ನೆಯಿಂದ.

2010ರ ಕಾನೂನಿನ ದಯೆಯಿಂದ ವರ್ಷಕ್ಕೊಂದು ತಪಾಸಣೆ ಮಾತ್ರ ಬಿಟ್ಟಿ. ಆ ದಿನ 'ಮಂಡಿನೋವು' ಎಂದು ಬಾಯಿಬಿಟ್ಟೆ ನೋಡಿ, ಅದು ಬೇರೆಯೇ ಭೇಟಿಯೆನಿಸಿ 180 ಡಾಲರಿನ ಬಿಲ್ಲು ಮನೆಗೆ ಬಂತು. ಊರಿನಲ್ಲಾದರೆ ಡಾಕ್ಟರ ಮುಂದೆ ಅಜ್ಜಿಯ ಉಬ್ಬಸದಿಂದ ಎಮ್ಮೆಯ ಜ್ವರದವರೆಗೂ ಹೇಳಿಕೊಳ್ಳುತ್ತಿದ್ದೆವು!

ಮರುವರ್ಷ ನನ್ನಾಕೆಯ ಸರದಿ. ತೊಂದರೆಯೇನಾದರೂ ಉಂಟೇ ಎಂದು ಡಾಕ್ಟರು ಕೇಳಿದ್ದಕ್ಕೆ 'ಏನೂ ಇಲ್ಲ' ಎಂದಳಂತೆ. ಎರಡು ವಾರದಿಂದ ರಾತ್ರಿ ಎದೆ ಒತ್ತಿದಂತಾಗಿ ಎದ್ದು ಕೂರುತ್ತಿದ್ದಳೆಂದು ನನಗೆ ತಿಳಿದದ್ದು ಅಂದಿನ ಊಟದ ಹೊತ್ತಿನಲ್ಲಿ. ಕೈ ತೊಳೆದು ಕಾರಿನ ಬೀಗದಕೈ ತೆಗೆದುಕೊಂಡೆ.

"ಬಿಲ್ಲು?" ಎಂದಳು.